ಗುರುತು ಮೊದಲೋ, ನಂಬಿಕೆ ಮೊದಲೋ? – ಸುನ್ನತಿಯ ಕುರಿತು ಒಂದು ಅಧ್ಯಯನ

ವೇದಭಾಗ: ಆದಿಕಾಂಡ 17:9-14, ಅಪೊಸ್ತಲರ ಕೃತ್ಯಗಳು 15:1-11, ಕೊಲೊಸ್ಸೆ 2:11-13

 

ಕೆಲವು ವಾರಗಳಿಂದ ನಾವು ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಓದುತ್ತಾ ಬಂದಿದ್ದೇವೆ. ಆ ಪತ್ರಿಕೆಯಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಸುನ್ನತಿ. ಸಭೆಯಲ್ಲಿ ಈ ಮಾತು ಓದಿದ ತಕ್ಷಣ ದೊಡ್ಡವರು ತಲೆ ತಗ್ಗಿಸ್ತಾರೆ, ಯೌವನಸ್ಥರು ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗ್ತಾರೆ. ಪ್ರಿಯರೇ, ದೇವರು ತನ್ನ ವಾಕ್ಯದಲ್ಲಿ ಬರೆಸಿದ್ದನ್ನು ಕಲಿಯೋದಕ್ಕೆ ನಾವು ನಾಚಬೇಕಾಗಿಲ್ಲ.

ಗೃಹಪ್ರಾರ್ಥನೆ ಮುಗಿದ ಮೇಲೆ ಒಬ್ಬ ಸಹೋದರರು ನನ್ನನ್ನು ಕೇಳಿದರು: "ಪಾಸ್ಟರ್, ಅಬ್ರಹಾಮನಿಗೆ ಸುನ್ನತಿ ಆಯ್ತು, ಯೇಸುಸ್ವಾಮಿಗೂ ಆಯ್ತು. ನಮಗೆ ಮಾತ್ರ ಯಾಕೆ ಬೇಡ? ಪಕ್ಕದ ಮನೆಯ ಸಾಬರು ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ." ಒಳ್ಳೇ ಪ್ರಶ್ನೆ. ಆದಿಸಭೆಯಲ್ಲಿ ಅಪೊಸ್ತಲರೇ ಕೂತು ಇದರ ಬಗ್ಗೆ ವಾದ ಮಾಡಬೇಕಾಯಿತು. ಇವತ್ತು ಅದಕ್ಕೆ ಉತ್ತರ ಹುಡುಕೋಣ. ಹುಡುಕುವಾಗ ಒಂದೇ ಪ್ರಶ್ನೆಯನ್ನು ಕೈಯಲ್ಲಿ ಹಿಡ್ಕೊಂಡು ಹೋಗೋಣ: ಮೊದಲು ಬಂದದ್ದು ಯಾವುದು, ಆಮೇಲೆ ಬಂದದ್ದು ಯಾವುದು?

1. ಪದದ ಅರ್ಥ

ಸುನ್ನತಿ ಎನ್ನುವ ಪದ ನಮಗೆ ಬಂದದ್ದು ಅರಬ್ಬಿಯಿಂದ, ಉರ್ದುವಿನ ಮೂಲಕ. ಅನುಸರಿಸಬೇಕಾದ ಪದ್ಧತಿ ಎಂಬುದು ಅದರ ಮೂಲ ಅರ್ಥ. ಸತ್ಯವೇದದ ಮೂಲಭಾಷೆಯಾದ ಇಬ್ರಿಯದಲ್ಲಿ ಪದವೇ ಬೇರೆ. ಯೆಹೂದ್ಯರು ಇವತ್ತಿಗೂ ಈ ಆಚರಣೆಯನ್ನು 'ಬ್ರಿತ್ ಮಿಲಾ' ಎಂದು ಕರೆಯುತ್ತಾರೆ. ಮಿಲಾ ಅಂದರೆ ಸುನ್ನತಿ, ಬ್ರಿತ್ ಅಂದರೆ ಒಡಂಬಡಿಕೆ. ನೋಡ್ರಿ, ಹೆಸರಿನಲ್ಲೇ ಒಡಂಬಡಿಕೆ ಮುಂದೆ ನಿಂತಿದೆ.

ಇಬ್ರಿಯ ಭಾಷೆಯಲ್ಲಿ 'ಒಡಂಬಡಿಕೆ ಮಾಡಿದರು' ಅನ್ನೋದಕ್ಕೆ 'ಒಡಂಬಡಿಕೆಯನ್ನು ಕತ್ತರಿಸಿದರು' ಎಂದು ಹೇಳುವ ವಾಡಿಕೆ ಇದೆ. ಆದಿಕಾಂಡ 15ರಲ್ಲಿ ಅಬ್ರಾಮನು ಪ್ರಾಣಿಗಳನ್ನು ಎರಡು ಹೋಳು ಮಾಡಿ ಎದುರುಬದುರಾಗಿ ಇಟ್ಟದ್ದು, ಕತ್ತಲಾದ ಮೇಲೆ ಉರಿಯುವ ಬೆಂಕಿ ಆ ಹೋಳುಗಳ ನಡುವೆ ಹಾದುಹೋದದ್ದು ನಿಮಗೆ ನೆನಪಿದೆ. ಆ ಅಧ್ಯಾಯದಲ್ಲಿ ಪ್ರಾಣಿಯ ದೇಹ ಕತ್ತರಿಸಲ್ಪಟ್ಟಿತು. 17ನೇ ಅಧ್ಯಾಯದಲ್ಲಿ ಅಬ್ರಹಾಮನ ಸ್ವಂತ ದೇಹಕ್ಕೇ ಗುರುತು ಬಂತು.

ಇನ್ನೊಂದು ವಿಷಯ. ಸುನ್ನತಿ ಮಾಡಿಸಿಕೊಳ್ಳುತ್ತಿದ್ದವರು ಇಸ್ರಾಯೇಲ್ಯರು ಮಾತ್ರವಲ್ಲ. ಯೆರೆಮೀಯ 9:25-26ರಲ್ಲಿ ಪ್ರವಾದಿ ಐಗುಪ್ತ, ಯೆಹೂದ, ಎದೋಮ್, ಅಮ್ಮೋನ್, ಮೋವಾಬ್ ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. ಹಾಗಾದರೆ ಅಬ್ರಹಾಮನಲ್ಲಿ ವಿಶೇಷ ಏನು? ಕಾಮನಬಿಲ್ಲನ್ನು ದೇವರು ನೋಹನಿಗೆ ಗುರುತಾಗಿ ಕೊಟ್ಟ ಹಾಗೆ ಇದನ್ನು ಅಬ್ರಹಾಮನಿಗೆ ಗುರುತಾಗಿ ಕೊಟ್ಟನು. ಗುರುತಿಗೆ ಬೆಲೆ ಬರೋದು ಅದರ ಹಿಂದಿರುವ ವಾಗ್ದಾನದಿಂದ. ವಾಗ್ದಾನ ತೆಗೆದುಬಿಟ್ಟರೆ ಉಳಿಯೋದು ಬರೀ ಗಾಯ.

2. ಅಬ್ರಹಾಮ: ಲೆಕ್ಕ ಹಾಕಿ ನೋಡಿ

ಈಗ ನಮ್ಮ ಪ್ರಶ್ನೆಗೆ ಬರೋಣ. ಅಬ್ರಾಮನು ನಂಬಿದನು, ಆ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದನು. ಇದು ಆದಿಕಾಂಡ 15:6. ಇಷ್ಮಾಯೇಲ ಹುಟ್ಟಿದಾಗ ಅಬ್ರಾಮನಿಗೆ 86 ವರ್ಷ, ಅದು 16ನೇ ಅಧ್ಯಾಯದ ಕೊನೆ. ಸುನ್ನತಿಯಾದಾಗ ಅಬ್ರಹಾಮನಿಗೆ 99 ವರ್ಷ, ಇಷ್ಮಾಯೇಲನಿಗೆ 13. ಅದು 17ನೇ ಅಧ್ಯಾಯ. ಹಾಗಾದರೆ ದೇವರು ಅವನನ್ನು ನೀತಿವಂತನೆಂದು ಎಣಿಸಿದ್ದಕ್ಕೂ ಅವನ ದೇಹದಲ್ಲಿ ಗುರುತು ಬಂದದ್ದಕ್ಕೂ ಕಡಿಮೆ ಅಂದ್ರೂ 13 ವರ್ಷದ ಅಂತರ.

ಈ 13 ವರ್ಷ ಅಬ್ರಹಾಮನು ದೇವರ ಮುಂದೆ ಯಾರಾಗಿದ್ದನು? ಸುನ್ನತಿ ಇಲ್ಲದ ನೀತಿವಂತ. ರೋಮಾಪುರದವರಿಗೆ ಬರೆದ ಪತ್ರಿಕೆ 4:9-11ರಲ್ಲಿ ಪೌಲನು ಇದನ್ನೇ ಹಿಡ್ಕೊಂಡು ಕೇಳ್ತಾನೆ. ಯಾವಾಗ ಎಣಿಸಲ್ಪಟ್ಟಿತು, ಮೊದಲೋ ಆಮೇಲೋ? ಮೊದಲೇ! ಸುನ್ನತಿ ಬಂದದ್ದು ಮುದ್ರೆಯಾಗಿ. ಪತ್ರ ಬರೆದಾದ ಮೇಲೆ ಮುದ್ರೆ ಒತ್ತುತ್ತಾರೆ. ಖಾಲಿ ಹಾಳೆಗೆ ಮುದ್ರೆ ಒತ್ತಿಟ್ಟರೆ ಅದು ಯಾವ ಪತ್ರವೂ ಆಗೋದಿಲ್ಲ. ಹಲ್ಲೆಲೂಯಾ.

ಇನ್ನೊಂದು ಕಡೆ ನೋಡಿ. ಯೆಹೋಶುವ 5ನೇ ಅಧ್ಯಾಯ. ಅರಣ್ಯದಲ್ಲಿ ಹುಟ್ಟಿದ ಗಂಡುಮಕ್ಕಳಿಗೆ 40 ವರ್ಷ ಯಾರೂ ಸುನ್ನತಿ ಮಾಡಿಸಿರಲಿಲ್ಲ. ಒಂದು ತಲೆಮಾರೇ ಗುರುತಿಲ್ಲದೆ ಬೆಳೆಯಿತು. ಆದರೂ ಬೆಳಿಗ್ಗೆ ಮನ್ನ ಬಿತ್ತೋ ಇಲ್ಲವೋ? ಬಿತ್ತು. ಬಂಡೆಯಿಂದ ನೀರು ಬಂತೋ ಇಲ್ಲವೋ? ಬಂತು. ಯೊರ್ದನ್ ಹೊಳೆ ನಿಂತು ದಾರಿ ಕೊಟ್ಟದ್ದು ಕೂಡ ಅದೇ ಜನಕ್ಕೆ. ಕಾನಾನಿಗೆ ಕಾಲಿಟ್ಟ ಮೇಲೆ, ಗಿಲ್ಗಾಲಿನಲ್ಲಿ, ಕಲ್ಲಿನ ಚೂರಿಗಳಿಂದ ಸುನ್ನತಿ ಆಯಿತು. ಅಲ್ಲೂ ಕೃಪೆ ಮೊದಲು, ಗುರುತು ಆಮೇಲೆ.

ಹಾಗಂತ ಗುರುತನ್ನು ಹಗುರವಾಗಿ ತಗೋಬಾರದು. ಮೋಶೆ ಐಗುಪ್ತಕ್ಕೆ ಹೊರಟ ದಾರಿಯಲ್ಲಿ ಅವನ ಮಗನ ಸುನ್ನತಿಯ ವಿಷಯವಾಗಿ ಎಂಥ ಅಪಾಯ ಬಂತು, ಚಿಪ್ಪೋರಳು ಹೇಗೆ ಕಲ್ಲಿನ ಚೂರಿ ಹಿಡಿದಳು, ವಿಮೋಚನಕಾಂಡ 4:24-26ರಲ್ಲಿ ಓದಿಕೊಳ್ಳಿ. ಒಡಂಬಡಿಕೆಯ ಕೆಳಗೆ ಇದ್ದವನಿಗೆ ಅದು ಆಜ್ಞೆ. ಸುನ್ನತಿ ಇಲ್ಲದವನು ತನ್ನ ಜನರೊಳಗಿಂದ ಕತ್ತರಿಸಿ ಹಾಕಲ್ಪಡುವನೆಂದು ಆದಿಕಾಂಡ 17:14 ಹೇಳುತ್ತದೆ. ಈ ವಚನವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಿ, ಕೊನೆಯಲ್ಲಿ ಇಲ್ಲಿಗೇ ಬರ್ತೇನೆ.

3. ಯೆಹೂದ್ಯರು ಇದನ್ನು ಹೇಗೆ ಕಾಪಾಡಿದರು

ಯೆಹೂದ್ಯರ ಬಗ್ಗೆ ಮಾತಾಡುವಾಗ ನಮ್ಮ ಕೆಲವು ಬೋಧಕರು ಗೇಲಿ ಮಾಡ್ತಾರೆ. ಅದು ಬೇಡ. ಪೌಲನು ರೋಮಾ 3ರ ಮೊದಲಲ್ಲೇ ಸುನ್ನತಿಯಿಂದ ಬಹಳ ಪ್ರಯೋಜನ ಉಂಟೆಂದು ಒಪ್ಪುತ್ತಾನೆ.

ಗಂಡುಮಗು ಹುಟ್ಟಿದ 8ನೇ ದಿನ ಯೆಹೂದ್ಯರ ಮನೆಯಲ್ಲಿ ಅಥವಾ ಸಭಾಮಂದಿರದಲ್ಲಿ ಜನ ಸೇರುತ್ತಾರೆ. ಇದನ್ನು ಮಾಡುವ ತರಬೇತಿ ಪಡೆದವನನ್ನು 'ಮೊಹೆಲ್' ಎನ್ನುತ್ತಾರೆ. ಎಲೀಯನಿಗೆಂದು ಒಂದು ಕುರ್ಚಿಯನ್ನು ಖಾಲಿ ಇಟ್ಟಿರುತ್ತಾರೆ. ಮಗುವಿಗೆ ಅದೇ ವೇಳೆ ಹೆಸರಿಡುತ್ತಾರೆ. ಸ್ನಾನಿಕನಾದ ಯೋಹಾನನಿಗೆ ಹೆಸರಿಟ್ಟದ್ದು 8ನೇ ದಿನ, ಲೂಕ 1:59. ನಮ್ಮ ಕರ್ತನಿಗೆ ಯೇಸು ಎಂಬ ಹೆಸರಿಟ್ಟದ್ದೂ 8ನೇ ದಿನವೇ, ಲೂಕ 2:21. ಡಿಸೆಂಬರ್ 25ರಿಂದ ಎಣಿಸಿದರೆ 8ನೇ ದಿನ ಜನವರಿ 1. ಅದಕ್ಕೇ ಪುರಾತನ ಸಭೆಗಳು ಆ ದಿನವನ್ನು ಕರ್ತನ ಸುನ್ನತಿಯ ಹಬ್ಬವಾಗಿ ಆಚರಿಸುತ್ತಾ ಬಂದವು. ನಾವು ಹೊಸ ವರ್ಷದ ಆರಾಧನೆ ಮಾಡೋ ದಿನಕ್ಕೆ ಹಳೇ ಪಂಚಾಂಗದಲ್ಲಿ ಇಂಥ ಹೆಸರಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

8ನೇ ದಿನ ಸಬ್ಬತ್ತು ಬಂದರೆ? ಆವತ್ತೂ ಮಾಡುತ್ತಾರೆ. ಯೋಹಾನ 7:22-23ರಲ್ಲಿ ಯೇಸುಸ್ವಾಮಿ ಇದನ್ನೇ ಎತ್ತಿ, ಸಬ್ಬತ್ತಿನಲ್ಲಿ ಸುನ್ನತಿ ಮಾಡಬಹುದಾದರೆ ಪೂರ್ತಿ ಮನುಷ್ಯನನ್ನು ಗುಣಪಡಿಸಿದ್ದಕ್ಕೆ ನನ್ನ ಮೇಲೆ ಯಾಕೆ ಕೋಪ ಎಂಬ ಅರ್ಥದಲ್ಲಿ ಕೇಳಿದನು. ಮಗುವಿಗೆ ಕಾಯಿಲೆ ಇದ್ದರೆ ದಿನವನ್ನು ಮುಂದಕ್ಕೆ ಹಾಕುತ್ತಾರೆ.

ಈ ಗುರುತಿಗಾಗಿ ಅವರು ರಕ್ತ ಸುರಿಸಿದ್ದಾರೆ. ಕ್ರಿ.ಪೂ. 167ರ ಸುಮಾರಿಗೆ ಸಿರಿಯದ ಅರಸ ಅಂತಿಯೋಕಸ್ ಎಪಿಫನೇಸ್ ಸುನ್ನತಿಯನ್ನು ನಿಷೇಧಿಸಿದನು. ಮಕ್ಕಳಿಗೆ ಸುನ್ನತಿ ಮಾಡಿಸಿದ ತಾಯಂದಿರನ್ನು ಕೊಂದರು, ಕೂಸುಗಳನ್ನು ಅವರ ಕುತ್ತಿಗೆಗೆ ನೇತುಹಾಕಿದರು ಎಂದು ಮಕ್ಕಬಿಯರ ಮೊದಲನೆಯ ಪುಸ್ತಕದಲ್ಲಿ ದಾಖಲಾಗಿದೆ. ಅದೇ ಕಾಲದಲ್ಲಿ ಕೆಲವು ಯೆಹೂದ್ಯರು ಗ್ರೀಕರ ವ್ಯಾಯಾಮಶಾಲೆಯಲ್ಲಿ ಮರ್ಯಾದೆ ಬೇಕೆಂದು ಆ ಗುರುತನ್ನೇ ಮರೆಮಾಚಿಕೊಂಡರು. ಒಬ್ಬಳು ತಾಯಿ ಪ್ರಾಣ ಕೊಟ್ಟಳು, ಇನ್ನೊಬ್ಬ ಗುರುತು ಅಳಿಸಿಕೊಂಡ. ಇದನ್ನು ತಿಳ್ಕೊಂಡರೆ ಅಪೊಸ್ತಲರ ಕಾಲದ ಯೆಹೂದ್ಯ ವಿಶ್ವಾಸಿಗಳಿಗೆ ಸುನ್ನತಿ ಬಿಡೋದು ಯಾಕೆ ಅಷ್ಟು ಕಷ್ಟವಾಯ್ತು ಅಂತ ಗೊತ್ತಾಗುತ್ತೆ. ಅದು ಅವರ ಅಜ್ಜಿಯರ ರಕ್ತದ ವಿಷಯ.

ನಮ್ಮ ದೇಶದಲ್ಲೇ, ಕೊಂಕಣ ತೀರದ ಹಳ್ಳಿಗಳಲ್ಲಿ, ಬೆನೆ ಇಸ್ರಾಯೇಲ್ ಎಂಬ ಯೆಹೂದ್ಯರು ತಲೆತಲಾಂತರದಿಂದ ಇದ್ದರು. ಗಾಣದಿಂದ ಎಣ್ಣೆ ತೆಗೆಯೋದು ಅವರ ಕಸುಬು. ಶನಿವಾರ ಗಾಣ ನಿಲ್ಲಿಸುತ್ತಿದ್ದರಿಂದ ಊರಿನವರು ಅವರಿಗೆ 'ಶನಿವಾರ ತೇಲಿ' ಅಂತ ಹೆಸರಿಟ್ಟರು. ಇಬ್ರಿಯ ಭಾಷೆ ಬಹುಮಟ್ಟಿಗೆ ಮರೆತುಹೋಗಿ ಮನೆಮಾತು ಮರಾಠಿ ಆದರೂ ಸಬ್ಬತ್ತನ್ನೂ ಸುನ್ನತಿಯನ್ನೂ ಅವರು ಬಿಡಲಿಲ್ಲ.

4. ಪ್ರವಾದಿಗಳು ತೋರಿಸಿದ ಜಾಗ

ಇಬ್ರಿಯದಲ್ಲಿ ಮುಂದೊಗಲಿಗೆ 'ಓರ್ಲಾ' ಎಂಬ ಪದ ಇದೆ. ಇದೇ ಪದದ ಬಳಗವನ್ನು ಸತ್ಯವೇದ ಬೇರೆ ವಿಷಯಗಳಿಗೂ ಬಳಸುತ್ತದೆ. ವಿಮೋಚನಕಾಂಡ 6:12ರ ಮೂಲದಲ್ಲಿ ಮೋಶೆ ತನ್ನ ತುಟಿಗಳಿಗೆ ಸುನ್ನತಿಯಾಗಿಲ್ಲ ಅನ್ನುತ್ತಾನೆ. ಯೆರೆಮೀಯ 6:10ರಲ್ಲಿ ಜನರ ಕಿವಿಗೆ ಸುನ್ನತಿಯಾಗಿಲ್ಲ. ಯಾಜಕಕಾಂಡ 19:23ರಲ್ಲಿ ಹೊಸದಾಗಿ ನೆಟ್ಟ ಹಣ್ಣಿನ ಮರಕ್ಕೂ ಮೊದಲ 3 ವರ್ಷ ಇದೇ ಪದ! 11ನೇ ಶತಮಾನದಲ್ಲಿ ಫ್ರಾನ್ಸಿನಲ್ಲಿದ್ದ ರಾಶಿ ಎಂಬ ಯೆಹೂದ್ಯ ವ್ಯಾಖ್ಯಾನಕಾರರು ಈ ಎಲ್ಲ ಕಡೆಗೂ ಒಂದೇ ಅರ್ಥ ಕೊಡುತ್ತಾರೆ: ಮುಚ್ಚಿಕೊಂಡಿರುವುದು, ಅಡ್ಡಗಟ್ಟಿರುವುದು. ಮುಚ್ಚಿದ ತುಟಿಯಿಂದ ಮಾತು ಬರೋದಿಲ್ಲ, ಮುಚ್ಚಿದ ಕಿವಿಗೆ ವಾಕ್ಯ ಇಳಿಯೋದಿಲ್ಲ.

ಎಲ್ಲಕ್ಕಿಂತ ಮುಖ್ಯ ಹೃದಯ. ಧರ್ಮೋಪದೇಶಕಾಂಡ 10:16ರಲ್ಲಿ ಮೋಶೆ ಜನರಿಗೆ ಆಜ್ಞೆ ಕೊಡುತ್ತಾನೆ, ನಿಮ್ಮ ಹೃದಯಕ್ಕೆ ಸುನ್ನತಿ ಮಾಡಿಕೊಳ್ಳಿರಿ ಎಂದು. ಅದೇ ಪುಸ್ತಕದ 30:6ಕ್ಕೆ ಬಂದರೆ ಮಾತು ತಿರುಗುತ್ತದೆ. ಅಲ್ಲಿ ಯೆಹೋವನು ತಾನೇ ಅವರ ಹೃದಯಕ್ಕೂ ಅವರ ಸಂತತಿಯ ಹೃದಯಕ್ಕೂ ಸುನ್ನತಿ ಮಾಡುವನು. 10ರಲ್ಲಿ ಆಜ್ಞೆ, 30ರಲ್ಲಿ ವಾಗ್ದಾನ. ಯಾಕಂದ್ರೆ ಮನುಷ್ಯನ ಚೂರಿ ಹೃದಯಕ್ಕೆ ಮುಟ್ಟೋದಿಲ್ಲ. ಅಲ್ಲಿಗೆ ಮುಟ್ಟುವುದು ಪವಿತ್ರಾತ್ಮನ ಕೈ ಮಾತ್ರ. ಹೃದಯದ ಸುನ್ನತಿ ಆತ್ಮನಿಂದ ಆಗುವಂಥದ್ದು ಎಂದು ರೋಮಾ 2:29 ಕಲಿಸುತ್ತದೆ.

ಪೆಂಟೆಕೊಸ್ತಿನ ಮಕ್ಕಳಾದ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ತೆಫನನು ಕೃತ್ಯಗಳು 7:51ರಲ್ಲಿ ನ್ಯಾಯಸಭೆಯವರಿಗೆ ಏನು ಹೇಳಿದನು? ಅವರ ಹೃದಯಕ್ಕೂ ಕಿವಿಗೂ ಸುನ್ನತಿಯಾಗಿಲ್ಲ, ಅವರು ಪವಿತ್ರಾತ್ಮನನ್ನು ಎದುರಿಸುವವರು. ದೇಹದಲ್ಲಿ ಸುನ್ನತಿ ಇದ್ದ ಜನಕ್ಕೇ ಈ ಮಾತು. ಹಾಗಾದರೆ ತುಟಿ ಅನ್ಯಭಾಷೆ ಆಡುತ್ತಾ ಇದ್ದು, ಕಿವಿ ಮಾತ್ರ ಮುಚ್ಚಿಕೊಂಡೇ ಇರೋದಕ್ಕೆ ಸಾಧ್ಯ ಇಲ್ಲವಾ? ಇದನ್ನು ನಾನು ನನಗೂ ಸೇರಿಸಿಯೇ ಹೇಳ್ತಿದ್ದೇನೆ.

5. ಯೆರೂಸಲೇಮಿನಲ್ಲಿ ಆದ ತೀರ್ಮಾನ

ಕೃತ್ಯಗಳು 10ನೇ ಅಧ್ಯಾಯ. ಕೈಸರೈಯದಲ್ಲಿ ಕೊರ್ನೇಲ್ಯ ಎಂಬ ರೋಮ್ ಶತಾಧಿಪತಿಯ ಮನೆ. ಅಲ್ಲಿ ಕೂತಿದ್ದ ಅನ್ಯಜನರಿಗೆ ಸುನ್ನತಿ ಆಗಿಲ್ಲ. ಪೇತ್ರನು ಇನ್ನೂ ಪ್ರಸಂಗ ಮುಗಿಸಿಲ್ಲ, ತಲೆ ಮೇಲೆ ಕೈ ಇಟ್ಟಿಲ್ಲ, ಕೊನೆಯ ಪ್ರಾರ್ಥನೆಯೂ ಆಗಿಲ್ಲ. ಅಷ್ಟರಲ್ಲಿ ಪವಿತ್ರಾತ್ಮನು ಇಳಿದನು! ಪೇತ್ರನ ಜೊತೆ ಬಂದ ಸುನ್ನತಿಯವರು ಬೆರಗಾಗಿ ನಿಂತರು. ಯಾಕೆ? ಈ ಜನ ಅನ್ಯಭಾಷೆಗಳನ್ನಾಡಿ ದೇವರನ್ನು ಕೊಂಡಾಡುವುದನ್ನು ಕಿವಿಯಾರೆ ಕೇಳಿದರು. ಆಮೇಲೆ ನೀರಿನ ದೀಕ್ಷಾಸ್ನಾನ. ಇಲ್ಲೂ ಅದೇ ಕ್ರಮ. ದೇವರು ಮೊದಲು.

ಕ್ರಿ.ಶ. 49ರ ಸುಮಾರಿಗೆ ಯೆರೂಸಲೇಮಿನಲ್ಲಿ ಸಭೆ ಕೂಡಿತು. ಫರಿಸಾಯರ ಪಂಗಡದಿಂದ ಬಂದ ವಿಶ್ವಾಸಿಗಳು ಅನ್ಯಜನರಿಗೆ ಸುನ್ನತಿ ಆಗಲೇಬೇಕೆಂದರು. ಪೇತ್ರನು ಎದ್ದು ನಿಂತು ಕೊಟ್ಟ ಸಾಕ್ಷಿ ಇಷ್ಟೇ: ಹೃದಯ ಬಲ್ಲ ದೇವರು ನಮಗೆ ಕೊಟ್ಟ ಹಾಗೆಯೇ ಅವರಿಗೂ ಆತ್ಮನನ್ನು ಕೊಟ್ಟಿದ್ದಾನೆ, ನಂಬಿಕೆಯಿಂದ ಅವರ ಹೃದಯ ಶುದ್ಧ ಮಾಡಿದ್ದಾನೆ, ನಾವು ಯಾಕೆ ನೊಗ ಹೊರಿಸಬೇಕು? ದೇವರೇ ಒಳಗೆ ಕರ್ಕೊಂಡು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಿ ಚೀಟಿ ಕೇಳೋಕೆ ನಾವು ಯಾರು?

ಈಗ ಒಂದು ಸೂಕ್ಷ್ಮ. ಅದೇ ಪೌಲನು ತಿಮೊಥೆಗೆ ಸುನ್ನತಿ ಮಾಡಿಸಿದನು, ಕೃತ್ಯಗಳು 16:3. ತೀತನಿಗೆ ಮಾಡಿಸಲು ಒಪ್ಪಲೇ ಇಲ್ಲ, ಗಲಾತ್ಯ 2:3-5. ಪೌಲನಿಗೆ ಎರಡು ನಾಲಿಗೆಯೋ? ಇಲ್ಲ ಪ್ರಿಯರೇ. ತಿಮೊಥೆಯ ತಾಯಿ ಯೆಹೂದ್ಯಳು, ತಂದೆ ಗ್ರೀಕ. ಯೆಹೂದ್ಯರ ನಡುವೆ ಸುವಾರ್ತೆಗೆ ಅಡ್ಡಿಯಾಗಬಾರದೆಂದು ಅವನು ಅದಕ್ಕೆ ಒಳಪಟ್ಟನು. ತೀತನ ವಿಷಯದಲ್ಲಿ ಕೆಲವರು ಬಲವಂತ ಮಾಡಿದರು, ಇದಿಲ್ಲದೆ ಅವನು ಪೂರ್ತಿ ವಿಶ್ವಾಸಿಯಲ್ಲ ಅಂತ. ಆಗ ಪೌಲನು ಒಂದು ಗಳಿಗೆಯೂ ಬಗ್ಗಲಿಲ್ಲ. ಪ್ರೀತಿಗಾಗಿ ಬಿಟ್ಟುಕೊಡಬಹುದು, ರಕ್ಷಣೆಗೆ ಬೆಲೆಯಾಗಿ ಕೇಳಿದರೆ ಕೊಡಬಾರದು.

ಆದರೆ ಈ ಜಗಳ ಕೊನೆಗೆ ಎಲ್ಲಿಗೆ ಬಂದು ಮುಟ್ಟಿತು ಗೊತ್ತಾ? ಊಟದ ಪಂಕ್ತಿಗೆ. ಗಲಾತ್ಯ 2:11-14. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ ಜೊತೆ ಕೂತು ಉಣ್ಣುತ್ತಿದ್ದನು. ಯಾಕೋಬನ ಕಡೆಯಿಂದ ಕೆಲವರು ಬಂದ ತಕ್ಷಣ ಮೆಲ್ಲಗೆ ಪಂಕ್ತಿಯಿಂದ ಎದ್ದನು. ಬಾರ್ನಬನೂ ಹಿಂದೆ ಹೋದನು. ಪೇತ್ರನ ಬಾಯಲ್ಲಿ ಸಿದ್ಧಾಂತ ಬದಲಾಗಿರಲಿಲ್ಲ, ತಟ್ಟೆ ಮಾತ್ರ ಬದಲಾಯಿತು. ಪೌಲನು ಎಲ್ಲರ ಎದುರಿಗೇ ಅವನನ್ನು ಖಂಡಿಸಿದನು.

6. ಕ್ರಿಸ್ತನ ಸುನ್ನತಿ ಮತ್ತು ನಮ್ಮ ದೀಕ್ಷಾಸ್ನಾನ

ಕೊಲೊಸ್ಸೆ 2:11-13ರಲ್ಲಿ ಪೌಲನು ಕೈಯಿಂದ ಮಾಡದ ಸುನ್ನತಿಯ ಬಗ್ಗೆ ಬರೆದು, ಕೂಡಲೇ ದೀಕ್ಷಾಸ್ನಾನದಲ್ಲಿ ಕ್ರಿಸ್ತನ ಜೊತೆ ಹೂಣಲ್ಪಟ್ಟು ಎಬ್ಬಿಸಲ್ಪಟ್ಟದ್ದನ್ನು ಸೇರಿಸುತ್ತಾನೆ. ಕೆಲವು ಸಭೆಗಳು ಇದರಿಂದ, 8 ದಿನದ ಕೂಸಿಗೆ ಸುನ್ನತಿ ಆದ ಹಾಗೆ ಕೂಸಿಗೂ ದೀಕ್ಷಾಸ್ನಾನ ಕೊಡಬಹುದೆಂದು ಕಲಿಸುತ್ತವೆ. ಆ ಸಹೋದರರನ್ನು ನಾವು ಗೌರವಿಸುತ್ತೇವೆ. ಆದರೆ 12ನೇ ವಚನದಲ್ಲಿ ನಂಬಿಕೆಯ ಮೂಲಕ ಎಂಬ ಮಾತು ಇದೆ, ಗಮನಿಸಿ. ಅಬ್ರಹಾಮನ ಮನೆಯಲ್ಲಿ ಹುಟ್ಟಿದವನಿಗೆ ಸುನ್ನತಿ. ದೇವರಿಂದ ಹೊಸದಾಗಿ ಹುಟ್ಟಿದವರಿಗೆ ದೀಕ್ಷಾಸ್ನಾನ. ಸುನ್ನತಿಯ ಆಜ್ಞೆ ಗಂಡಸರಿಗೆ ಮಾತ್ರ ಇತ್ತು, ಹೆಣ್ಣುಮಕ್ಕಳ ಸುನ್ನತಿಯನ್ನು ಸತ್ಯವೇದ ಎಲ್ಲಿಯೂ ಕೇಳುವುದಿಲ್ಲ. ಸಮಾರ್ಯದಲ್ಲಾದರೋ ಗಂಡಸರೂ ಹೆಂಗಸರೂ ಒಂದೇ ನೀರಿಗೆ ಇಳಿದರು, ಕೃತ್ಯಗಳು 8:12. ಅಕ್ಕಂದಿರೇ, ಹೊಸ ಒಡಂಬಡಿಕೆಯ ಗುರುತು ನಿಮ್ಮ ಗಂಡನ ಮೂಲಕವಾಗಲಿ ಮಗನ ಮೂಲಕವಾಗಲಿ ಬರಬೇಕಾಗಿಲ್ಲ. ಅದು ನೇರವಾಗಿ ನಿಮ್ಮದೇ.

ಈಗ ಆದಿಕಾಂಡ 17:14ಕ್ಕೆ ಹಿಂತಿರುಗೋಣ. ಸುನ್ನತಿ ಇಲ್ಲದವನು ಜನರೊಳಗಿಂದ ಕತ್ತರಿಸಲ್ಪಡಬೇಕು. ನಮ್ಮ ಯೇಸುವಿಗೆ 8ನೇ ದಿನವೇ ಸುನ್ನತಿಯಾಗಿತ್ತು. ಒಡಂಬಡಿಕೆಯಲ್ಲಿ ಆತನಿಗೆ ಒಂದು ಕೊರತೆಯೂ ಇರಲಿಲ್ಲ. ಆದರೂ ಯೆಶಾಯ 53:8 ಏನನ್ನು ಮುಂತಿಳಿಸಿತು? ಆತನು ಜೀವಿತರ ಲೋಕದಿಂದ ಕತ್ತರಿಸಲ್ಪಡುವನು ಎಂದು. ಊರಿನ ಹೊರಗೆ, ಶಿಲುಬೆಯಲ್ಲಿ, ಸುನ್ನತಿಯಾದಾತನು ಕತ್ತರಿಸಲ್ಪಟ್ಟನು. ಹೊರಗಿದ್ದ ನಾವು, ಸುನ್ನತಿಯಿಲ್ಲದ ಅನ್ಯಜನರು, ಒಳಗೆ ಸೇರಿಸಲ್ಪಟ್ಟೆವು. ಆ ಸಹೋದರರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ನಮಗೆ ಬೇಡವಾದದ್ದು ಆ ಗುರುತು ಕೆಟ್ಟದ್ದು ಅಂತ ಅಲ್ಲ. ಅದು ಯಾವುದನ್ನು ತೋರಿಸುತ್ತಿತ್ತೋ ಅದು ಬಂದುಬಿಟ್ಟಿದೆ, ಪೂರ್ತಿಯಾಗಿ ಬಂದಿದೆ. ಹಲ್ಲೆಲೂಯಾ!

7. ನಮಗೆ ಏನು?

ಮೊದಲು ಒಂದು ಸಣ್ಣ ವಿಷಯ. ಡಾಕ್ಟರ್ ಹೇಳಿದ್ದಾರೆ ಅಂತ ಯಾರಾದರೂ ಸುನ್ನತಿ ಮಾಡಿಸಿದರೆ ಅದು ಪಾಪವಲ್ಲ, ಪುಣ್ಯವೂ ಅಲ್ಲ. ಐಗುಪ್ತದ ಕೊಪ್ಟಿಕ್ ಕ್ರೈಸ್ತರಲ್ಲೂ ಇಥಿಯೋಪಿಯದ ಕ್ರೈಸ್ತರಲ್ಲೂ ಅದು ಹಳೆಯ ವಾಡಿಕೆ. 1 ಕೊರಿಂಥ 7:18-19 ಓದಿ ನೆಮ್ಮದಿಯಿಂದ ಇರಿ. ಯೆಹೂದ್ಯರನ್ನಾಗಲಿ ಮುಸಲ್ಮಾನರನ್ನಾಗಲಿ ಈ ವಿಷಯದಲ್ಲಿ ಹಾಸ್ಯ ಮಾಡಬೇಡಿ.

ದೊಡ್ಡ ವಿಷಯ ಬೇರೆ ಇದೆ. ನಮ್ಮ ಸಭೆಯಲ್ಲಿ ಚೂರಿಯ ಸುನ್ನತಿ ಇಲ್ಲ, ಆದರೆ ನಾವೇ ಮಾಡ್ಕೊಂಡ ಸುನ್ನತಿಗಳು ಇವೆ. ಹೊಸದಾಗಿ ನಂಬಿದ ಒಬ್ಬ ಸಹೋದರಿ ಬಳೆ ಹಾಕ್ಕೊಂಡು ಆರಾಧನೆಗೆ ಬರ್ತಾಳೆ. ಕಣ್ಣೀರು ಹಾಕಿ ಪ್ರಾರ್ಥನೆ ಮಾಡ್ತಾಳೆ. ಪಕ್ಕದಲ್ಲಿ ಕೂತವರ ಕಣ್ಣು ಅವಳ ಕಣ್ಣೀರಿನ ಮೇಲೆ ಇಲ್ಲ, ಕೈ ಮೇಲೆ ಇದೆ. ಒಡವೆ ಬಿಟ್ಟು ಸರಳವಾಗಿ ಬದುಕೋದು ಒಳ್ಳೇದೇ, ನಮ್ಮ ಹಿರಿಯರು ಅದನ್ನು ಪ್ರೀತಿಯಿಂದ ಮಾಡಿದರು. ಆದರೆ ಅದು ಬಾಗಿಲಾದರೆ, ಅದಿಲ್ಲದೆ ಇವಳು ದೇವರ ಮಗಳಲ್ಲ ಅನ್ನೋ ಮಟ್ಟಕ್ಕೆ ಹೋದರೆ, ಗಲಾತ್ಯದ ಸಭೆಗೆ ಬಂದ ರೋಗವೇ ನಮಗೂ ಬಂದಿದೆ. ಹೆಸರು ಬದಲಾಯಿಸಲಿಲ್ಲ, ಇನ್ನೂ ಅನ್ಯಭಾಷೆ ಬಂದಿಲ್ಲ ಅಂತ ಯಾರನ್ನೂ ಅರ್ಧ ವಿಶ್ವಾಸಿ ಅನ್ನಬೇಡಿ.

ಇನ್ನು ಪಂಕ್ತಿಯ ವಿಷಯ. ಭಾನುವಾರ ಒಂದೇ ರೊಟ್ಟಿ ಮುರೀತೇವೆ, ಒಂದೇ ಪಾತ್ರೆಯಲ್ಲಿ ಕುಡೀತೇವೆ. ಸೋಮವಾರ ಮಗಳಿಗೆ ಗಂಡು ನೋಡುವಾಗ ಮೊದಲ ಪ್ರಶ್ನೆ ಏನು? "ಹುಡುಗ ರಕ್ಷಣೆ ಹೊಂದಿದ್ದಾನಾ" ಅಂತಲೋ, "ಅವರು ಮೊದಲು ಯಾವ ಜಾತಿಯವರು" ಅಂತಲೋ? ಕೆಲವರ ಮನೆಯಲ್ಲಿ ಎರಡನೆಯದೇ ಮೊದಲು ಬರುತ್ತೆ. ಅಂತಿಯೋಕ್ಯದಲ್ಲಿ ಪೇತ್ರನು ಪಂಕ್ತಿಯಿಂದ ಎದ್ದದ್ದು ಇದೇ ರೀತಿ, ಸದ್ದಿಲ್ಲದೆ. ಹೃದಯಕ್ಕೆ ಸುನ್ನತಿ ಆಗಬೇಕು ಅಂತ ಕೇಳ್ತೇವಲ್ಲ, ಕತ್ತರಿಸಬೇಕಾದದ್ದು ಇಲ್ಲಿದೆ. ಜಾತಿಯ ಹೆಮ್ಮೆ. ವರ್ಷಗಟ್ಟಲೆ ಬಿಗಿಹಿಡಿದ ದ್ವೇಷ. ಲಂಚದ ಹಣದಿಂದ ಕೊಟ್ಟ ದಶಮಾಂಶ. ಇದು ನೋಯುತ್ತೆ ಪ್ರಿಯರೇ. ಅಬ್ರಹಾಮನಿಗೂ 99ನೇ ವಯಸ್ಸಿನಲ್ಲಿ ನೋವಾಗಿರಬೇಕು. ಆದರೆ ಅವನು ಅದೇ ದಿನ ಮಾಡಿದನು, ನಾಳೆಗೆ ಬಿಡಲಿಲ್ಲ.

ಯಾರು ಇವತ್ತು ಬಾಗಿಲ ಹೊರಗೆ ನಿಂತ ಹಾಗೆ ಭಾವಿಸುತ್ತಾ ಕೂತಿದ್ದೀರೋ, ಕೇಳಿ. ನೀವು ನಂಬಿದ ದಿನವೇ ದೇವರು ನಿಮ್ಮನ್ನು ಎಣಿಸಿದ್ದಾನೆ. ಯಾರು ಬಾಗಿಲಲ್ಲಿ ಕಾವಲು ನಿಂತಿದ್ದೀರೋ, ದಯವಿಟ್ಟು ಒಳಗೆ ಬಂದು ಪಂಕ್ತಿಯಲ್ಲಿ ಕೂತುಕೊಳ್ಳಿ.

ಪ್ರಾರ್ಥಿಸೋಣ. ಪ್ರೀತಿಯುಳ್ಳ ತಂದೆಯೇ, ನಿನ್ನ ಮಗನು ನಮಗಾಗಿ ಕತ್ತರಿಸಲ್ಪಟ್ಟದ್ದಕ್ಕಾಗಿ ಸ್ತೋತ್ರ. ನಮ್ಮ ಮುಚ್ಚಿದ ಕಿವಿಗಳನ್ನು ತೆರೆ. ನಿನ್ನ ಆತ್ಮನಿಂದ ನಮ್ಮ ಹೃದಯಗಳಿಗೆ ಸುನ್ನತಿ ಮಾಡು. ನೀನು ಸೇರಿಸಿಕೊಂಡ ಯಾರನ್ನೂ ನಾವು ಹೊರಗೆ ನಿಲ್ಲಿಸದ ಹಾಗೆ ನಮ್ಮನ್ನು ಕಾಯಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.